ದಪ್ಪ ತಂತಿಯ ದೊಡ್ಡಸ್ತಿಕೆ

ಐವತ್ತು ದಾಟಿದ, ಹೈಸ್ಕೂಲಿನಲ್ಲಿ ಕನ್ನಡವನ್ನೂ ಸಮಾಜ ವಿಜ್ಞಾನವನ್ನೂ ಹೇಳಿಕೊಡುವ ಹೆಂಗಸು ಎಲೆಕ್ಟ್ರಿಕ್ ಗಿಟಾರಿನ ತಂತಿಯ ಬಗ್ಗೆ ಬರೆಯುವುದೇ ಎಂದು ಕೆಲವರು ಹುಬ್ಬೇರಿಸಬಹುದು. ಏರಿಸಲಿ. ತಿಳಿದವರು ಎನಿಸಿಕೊಂಡವರು ಮಕ್ಕಳಿಗೆ ಹೇಳುತ್ತಿರುವ ಒಂದು ಸುಳ್ಳನ್ನು ಕೇಳಿ ಸುಮ್ಮನಿರಲಾರದೆ ಬರೆಯುತ್ತಿದ್ದೇನೆ. ಆ ಸುಳ್ಳು ಇದು: ತಂತಿ ದಪ್ಪವಾದಷ್ಟೂ ವಾದಕ ದೊಡ್ಡವನು, ತೆಳು ತಂತಿ ಕೈಲಾಗದವರಿಗೆ.

ನನ್ನ ತಂಗಿಯ ಮಗಳು ಓದಲೆಂದು ನಮ್ಮ ಮನೆಯಲ್ಲಿದ್ದಾಳೆ. ಈಗ ಒಂಬತ್ತನೆಯ ತರಗತಿ. ಹೋದ ವರ್ಷ ಹಟ ಹಿಡಿದು ಎಲೆಕ್ಟ್ರಿಕ್ ಗಿಟಾರ್ ಕೊಡಿಸಿಕೊಂಡಳು. ಪಾಠಕ್ಕೆ ಹೋದ ಮೊದಲ ದಿನವೇ ಮೇಷ್ಟ್ರು ಅದರಲ್ಲಿದ್ದ ತಂತಿಗಳನ್ನು ಬಿಚ್ಚಿಸಿ ಹನ್ನೆರಡರ ಸೆಟ್ ಹಾಕಿಸಿದರು. 'ಕೈ ಪಳಗಬೇಕು, ಬೆರಳು ಜಡ್ಡುಗಟ್ಟಬೇಕು' ಎಂದರಂತೆ. ಮೂರನೆಯ ವಾರ ಹುಡುಗಿ ಜಡೆ ಹೆಣೆದುಕೊಳ್ಳಲಾರದೆ ಬಾಚಣಿಗೆ ಹಿಡಿದು ನನ್ನ ಮುಂದೆ ಬಂದು ಕೂತಳು. ಎಡಗೈ ಬೆರಳುಗಳ ತುದಿಯಲ್ಲಿ ಬೊಕ್ಕೆ ಎದ್ದು ಒಡೆದಿದ್ದವು. 'ದೊಡ್ಡಮ್ಮ, ನನ್ನ ಕೈ ಗಿಟಾರಿಗೆ ಆಗಿಬರೋದಲ್ಲವಂತೆ' ಎಂದಳು. ಗಿಟಾರನ್ನು ಚೀಲಕ್ಕೆ ಹಾಕಿ ಅಟ್ಟಕ್ಕೆ ಏರಿಸಿಯೂ ಆಗಿತ್ತು.

'ಕಷ್ಟಪಡದೆ ವಿದ್ಯೆ ಬರುತ್ತದೇನೇ' ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಚಿಕ್ಕಂದಿನಲ್ಲಿ ವೀಣೆ ಕಲಿಯಲು ಹೋಗಿ ಬೆರಳು ಉರಿಯುತ್ತದೆ ಎಂದಾಗ ನನಗೂ ಅದನ್ನೇ ಹೇಳಿದ್ದರು. ಎರಡು ವರ್ಷಕ್ಕೆ ನಾನು ವೀಣೆ ಬಿಟ್ಟೆ. ಅದು ನೆನಪಾಗಿ ಮಾತನ್ನು ನುಂಗಿಕೊಂಡೆ.

ಹನ್ನೆರಡು ಎಂದರೇನು ಎಂದು ಕೇಳಿ ತಿಳಿದುಕೊಂಡೆ. ಅದು ಸೆಟ್ಟಿನ ಅತಿ ತೆಳುವಾದ ತಂತಿಯ ದಪ್ಪ, ಅಂಗುಲದ ಸಾವಿರ ಭಾಗಗಳಲ್ಲಿ ಹನ್ನೆರಡು. ಎಲೆಕ್ಟ್ರಿಕ್ ಗಿಟಾರಿಗೆ ಸಾಮಾನ್ಯವಾಗಿ ಹಾಕುವುದು ಒಂಬತ್ತರಿಂದ ನಲವತ್ತೆರಡರವರೆಗಿನ ಸೆಟ್, ಇಲ್ಲವೆ ಹತ್ತರಿಂದ ನಲವತ್ತಾರರವರೆಗಿನದು. ಒಂಬತ್ತಕ್ಕೂ ಹನ್ನೆರಡಕ್ಕೂ ನಡುವೆ ಇರುವುದು ಮೂರೇ ಅಂಕಿ, ತಲೆಗೂದಲಿನಷ್ಟು ವ್ಯತ್ಯಾಸ. ಇದಕ್ಕೇಕೆ ಇಷ್ಟು ರಗಳೆ ಎಂದು ನನಗೂ ಅನ್ನಿಸಿತು. ನಾನು ಬಿ.ಎ. ಓದಿದವಳು, ಲೆಕ್ಕ ನನ್ನದಲ್ಲ. ಪಕ್ಕದ ಪದವಿಪೂರ್ವ ಕಾಲೇಜಿನ ಭೌತವಿಜ್ಞಾನದ ಉಪನ್ಯಾಸಕರನ್ನು ಕೇಳಿದೆ. ಅವರು ಪ್ರಯೋಗಶಾಲೆಯ ಸೋನೋಮೀಟರ್ ತೆಗೆದು ತಂತಿಗೆ ತೂಕ ಕಟ್ಟಿ ತೋರಿಸಿದರು. ಅದೇ ಉದ್ದ, ಅದೇ ಲೋಹ, ಅದೇ ಸ್ವರ ಬೇಕಾದರೆ ಎಳೆತವು ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಒಂಬತ್ತರ ಬದಲು ಹನ್ನೆರಡು ಹಾಕಿದರೆ ಆ ಒಂದು ತಂತಿಯ ಎಳೆತ ಮುಕ್ಕಾಲು ಪಾಲಿಗಿಂತ ಹೆಚ್ಚಾಗುತ್ತದೆ. ಇಪ್ಪತ್ತೈದೂವರೆ ಅಂಗುಲ ಅಳತೆಯ ಗಿಟಾರಿನಲ್ಲಿ ಒಂಬತ್ತರ ತಂತಿ ಸುಮಾರು 6 ಕಿಲೋ ಎಳೆತದಲ್ಲಿ ನಿಲ್ಲುತ್ತದೆ, ಹನ್ನೆರಡರದು ಹತ್ತೂವರೆ ಕಿಲೋದಲ್ಲಿ. ಆರೂ ತಂತಿ ಸೇರಿದರೆ ಒಂಬತ್ತರ ಸೆಟ್ಟಿಗೆ ಸುಮಾರು 39 ಕಿಲೋ, ಹತ್ತರದಕ್ಕೆ 47. ಮೂರು ಅಂಕಿಯ ಹಿಂದೆ ಇಷ್ಟು ಭಾರವಿದೆ. ಅದನ್ನು ಹೊರಬೇಕಾದದ್ದು ಹದಿನಾಲ್ಕು ವರ್ಷದ ಬೆರಳು.

ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಯನ್ನು ಒತ್ತಿದರಷ್ಟೇ ಸಾಲದು, ಪಕ್ಕಕ್ಕೆ ಎಳೆದು ಸ್ವರವನ್ನು ಮೇಲೇರಿಸಬೇಕು. ವೀಣೆ ಬಲ್ಲವರಿಗೆ ಇದು ಹೊಸದಲ್ಲ. ಮೆಟ್ಟಿಲ ಮೇಲೆ ತಂತಿ ಎಳೆದು ಗಮಕ ತೆಗೆಯುವುದು ನಮ್ಮಲ್ಲೂ ಉಂಟು. ಹತ್ತೂವರೆ ಕಿಲೋ ಬಿಗಿದ ತಂತಿಯನ್ನು ಆ ಹುಡುಗಿ ಎಳೆಯುವುದು ಹೇಗೆ? ಹನ್ನೆರಡರ ಸೆಟ್ಟಿನಲ್ಲಿ ಮೂರನೆಯ ತಂತಿಯೂ ಸಾಮಾನ್ಯವಾಗಿ ಸುತ್ತು ತಂತಿಯೇ. ಹೆಚ್ಚು ಎಳೆಯದೆ ನುಡಿಸುವ ಜಾಜ್ ವಾದಕರಿಗೆ ಅದು ಸರಿ, ರಾಕ್ ಕಲಿಯಬಂದ ಮಗುವಿಗಲ್ಲ.

'ನಾದ ಬೇಡವೇ' ಎನ್ನುತ್ತಾರೆ. ಈ ವಾದ ಬಂದದ್ದು ಮರದ ಗಿಟಾರಿನಿಂದ. ಅಲ್ಲಿ ತಂತಿಯೇ ಮೇಲ್ಹಲಗೆಯನ್ನು ಅಲುಗಿಸಿ ಸದ್ದು ಹುಟ್ಟಿಸಬೇಕು, ಬಿಗಿಯಾದ ದಪ್ಪ ತಂತಿಗೆ ಅಲ್ಲಿ ಕೆಲಸವಿದೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಯ ಕೆಳಗೆ ಅಯಸ್ಕಾಂತವೂ ತಾಮ್ರದ ಸುರುಳಿಯೂ ಇವೆ. ತಂತಿ ಅಲುಗಿದ್ದನ್ನು ಅವು ವಿದ್ಯುತ್ತಾಗಿ ಮಾರ್ಪಡಿಸುತ್ತವೆ, ದೊಡ್ಡದು ಮಾಡುವುದು ಆಂಪ್ಲಿಫೈಯರ್. ದಪ್ಪ ತಂತಿಗೆ ಬೇರೆ ಗುಣವಿದೆ ಎಂದರೆ ಒಪ್ಪುತ್ತೇನೆ, ಮೇಲಿನ ಗುಣ ಎಂದರೆ ಒಪ್ಪುವುದಿಲ್ಲ. ಒಂದು ವಾದ್ಯದ ಅಗತ್ಯವನ್ನು ಇನ್ನೊಂದರ ಮೇಲೆ ಹೇರಿ ಅದಕ್ಕೆ ಸಂಪ್ರದಾಯ ಎಂದು ಹೆಸರಿಡುವುದು ಮೇಷ್ಟ್ರುಗಳಾದ ನಮ್ಮ ಹಳೆಯ ಚಾಳಿ.

ಚರಿತ್ರೆಯೂ ಅವರ ಕಡೆಗಿಲ್ಲ. 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗಿಟಾರ್ ಅಂಗಡಿ ತೆರೆದ ಅರ್ನಿ ಬಾಲ್, ಹೊಸದಾಗಿ ಕಲಿಯುವವರು ದಪ್ಪನೆಯ ಮೂರನೆಯ ತಂತಿಯೊಡನೆ ಒದ್ದಾಡುವುದನ್ನು ಕಂಡರು. ಅವರು ಕೈಯನ್ನು ಬೈಯಲಿಲ್ಲ, ತಂತಿಯನ್ನು ಬದಲಿಸಿದರು. 1960ರ ದಶಕದ ಆರಂಭದಲ್ಲಿ ಅವರು ತಂದ ತೆಳು ಸೆಟ್ಟುಗಳೇ ಇಂದಿನ ಒಂಬತ್ತು, ಹತ್ತರ ಸೆಟ್ಟುಗಳಿಗೆ ದಾರಿ ಮಾಡಿದವು.

ಇನ್ನೊಂದು ಕಥೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನದು. 1965ರಲ್ಲಿ ಹದಿನೇಳರ ಹುಡುಗ ಟೋನಿ ಅಯೋಮಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡ. ಅವನು ಎಡಚ, ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿ ಮೇಲೆ ಚರ್ಮ ಅಂಟಿಸಿಕೊಂಡ. ದಪ್ಪ ತಂತಿ ಒತ್ತಲಾಗದೆ ಬ್ಯಾಂಜೋ ತಂತಿ ಹಾಕಿಕೊಂಡ. ಮುಂದೆ ಎಳೆತ ಇನ್ನೂ ಕಡಿಮೆಯಾಗಲೆಂದು ಶ್ರುತಿಯನ್ನೂ ಇಳಿಸಿದ. ಅವನ ಬ್ಲ್ಯಾಕ್ ಸಬ್ಬತ್ ತಂಡದಿಂದ ಹುಟ್ಟಿದ ಸಂಗೀತಕ್ಕೆ ಲೋಕ ಹೆವಿ ಮೆಟಲ್ ಎಂದು ಹೆಸರಿಟ್ಟಿದೆ. ಲೋಕದಲ್ಲಿ ಅತಿ ಭಾರ ಎನಿಸಿಕೊಂಡ ಸಂಗೀತ ತೆಳು ತಂತಿಯಿಂದ ಬಂತು.

ನಮ್ಮ ಮೇಷ್ಟ್ರಿಗೆ ಆದರ್ಶ ಟೆಕ್ಸಾಸಿನ ಸ್ಟೀವಿ ರೇ ವಾನ್. ಅವರು ಹದಿಮೂರರ ತಂತಿ ಹಾಕುತ್ತಿದ್ದರು, ನಿಜ. ಆದರೆ ಅರ್ಧ ಸ್ವರ ಕೆಳಗೆ ಶ್ರುತಿ ಮಾಡುತ್ತಿದ್ದರು. ಅಷ್ಟರಿಂದಲೇ ಎಳೆತ ನೂರಕ್ಕೆ ಹನ್ನೊಂದು ಪಾಲು ಇಳಿಯುತ್ತದೆ. ಹಾಗಿದ್ದೂ ಬೆರಳ ಚರ್ಮ ಕಿತ್ತುಬಂದು ಅಂಟು ಹಚ್ಚಿಕೊಂಡು ನುಡಿಸಬೇಕಾಗುತ್ತಿತ್ತು. ಅಂಟು ಹಚ್ಚಿಕೊಂಡದ್ದು ದೊಡ್ಡವರೊಬ್ಬರ ಸ್ವಂತ ಆಯ್ಕೆ. ಅದನ್ನು ಮಕ್ಕಳ ಪಠ್ಯಕ್ರಮ ಮಾಡಲು ಯಾರು ಹೇಳಿದರು? ಅದೇ ಟೆಕ್ಸಾಸಿನ ಬಿಲ್ಲಿ ಗಿಬ್ಬನ್ಸ್ ಬೇರೊಂದು ಪ್ರಸಂಗ ಹೇಳಿಕೊಂಡಿದ್ದಾರೆ. ಬಿ.ಬಿ. ಕಿಂಗ್ ಒಮ್ಮೆ ಅವರ ಗಿಟಾರ್ ನುಡಿಸಿ ನೋಡಿ, ಇಷ್ಟು ಶ್ರಮ ಏಕೆ ಪಡುತ್ತೀಯ ಎಂದು ಕೇಳಿದರಂತೆ. ಗಿಬ್ಬನ್ಸ್ ಏಳರ ತಂತಿಗೆ ಇಳಿದರು. ಅವರನ್ನು ಕೈಲಾಗದವರು ಎನ್ನುವ ಧೈರ್ಯ ಯಾರಿಗಾದರೂ ಇದೆಯೇ?

ತೆಳು ತಂತಿಯಲ್ಲಿ ದೋಷವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಬಲವಾಗಿ ಒತ್ತುವವರ ಕೈಯಲ್ಲಿ ಅದು ಅಪಸ್ವರ ನುಡಿಯುತ್ತದೆ, ಬೇಗ ಹರಿಯುತ್ತದೆ. ಶ್ರುತಿ ಬಹಳ ಇಳಿಸುವವರಿಗೆ ಅದು ಸಡಿಲವಾಗಿ ಫ್ರೆಟ್ಟಿಗೆ ಬಡಿದು ಗರಗರ ಎನ್ನುತ್ತದೆ, ಅವರಿಗೆ ಹನ್ನೊಂದು ಹನ್ನೆರಡು ಬೇಕಾಗಬಹುದು. ಇಪ್ಪತ್ತನಾಲ್ಕು ಮುಕ್ಕಾಲು ಅಂಗುಲದ ಗಿಟಾರಿನಲ್ಲಿ ಎಳೆತವೇ ಕಡಿಮೆ, ಅಲ್ಲಿ ಹತ್ತು ಹಿತವಾಗಬಹುದು. ಇವೆಲ್ಲ ಕೈಯನ್ನೂ ವಾದ್ಯವನ್ನೂ ನುಡಿಸುವ ಸಂಗೀತವನ್ನೂ ನೋಡಿ ಕೊಡುವ ಕಾರಣಗಳು. 'ಕೈ ಪಳಗಲಿ' ಎಂಬುದು ಕಾರಣವಲ್ಲ. ಬೆರಳು ಹೇಗೂ ಜಡ್ಡುಗಟ್ಟುತ್ತದೆ, ಒಂಬತ್ತರಲ್ಲೂ ಕಟ್ಟುತ್ತದೆ; ಅದಕ್ಕೆ ಮಗು ದಿನಾ ನುಡಿಸಬೇಕು, ನುಡಿಸಲು ಅದಕ್ಕೆ ಮನಸ್ಸಿರಬೇಕು.

ಬಿ.ಎಡ್.ನಲ್ಲಿ ನಮಗೆ ಬಾಯಿಪಾಠ ಮಾಡಿಸಿದ್ದ ಸೂತ್ರ 'ಸರಳದಿಂದ ಕಠಿಣದ ಕಡೆಗೆ'. ಪರೀಕ್ಷೆಯಲ್ಲಿ ಬರೆದೆ, ಅಂಕ ತೆಗೆದುಕೊಂಡೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ನನ್ನ ತರಗತಿಯಲ್ಲಿ ಎಡಗೈಯಲ್ಲಿ ಬರೆಯುವ ಹುಡುಗನೊಬ್ಬನಿದ್ದ. ಬಲಗೈಯಲ್ಲೇ ಬರೆಯಬೇಕೆಂದು ಇಡೀ ವರ್ಷ ಕಾಡಿದೆ. ಅವನ ಅಕ್ಷರ ಕೆಟ್ಟಿತು, ಅಂಕ ಇಳಿಯಿತು, ದಡ್ಡ ಎಂಬ ಹೆಸರೂ ಬಂತು. ಎಲ್ಲವೂ ಅವನ ಒಳ್ಳೆಯದಕ್ಕೆ ಎಂದೇ ನಂಬಿದ್ದೆ. ಹೋದ ಜೂನ್‌ನಲ್ಲಿ ಅವನು ತನ್ನ ಮಗಳನ್ನು ಶಾಲೆಗೆ ಸೇರಿಸಲು ಬಂದಿದ್ದ. 'ನಮಸ್ಕಾರ ಟೀಚರ್' ಎಂದು ಎದ್ದುನಿಂತು, ಕೂತು ಅರ್ಜಿಗೆ ಎಡಗೈಯಲ್ಲಿ ಸಹಿ ಹಾಕಿದ. ಅಕ್ಷರ ದುಂಡಗಿತ್ತು. ನಾನು ಅವನ ಮುಖ ನೋಡಲಿಲ್ಲ. ಹಾಗಾಗಿ ಆ ಗಿಟಾರ್ ಮೇಷ್ಟ್ರನ್ನು ಬೈಯುವಾಗ ನನ್ನನ್ನು ಹೊರಗಿಟ್ಟು ಬೈಯುತ್ತಿಲ್ಲ.

ಗಿಟಾರನ್ನು ಅಟ್ಟದಿಂದ ಇಳಿಸಿ ಅಂಗಡಿಗೆ ಕೊಂಡುಹೋದೆವು. ಹನ್ನೆರಡನ್ನು ತೆಗೆದು ಒಂಬತ್ತು ಹಾಕಿಸಿದೆವು. ಎಳೆತ ಇಳಿದಾಗ ಕುತ್ತಿಗೆಯ ಬಾಗೂ ಬದಲಾಗುತ್ತದೆ, ಅಂಗಡಿಯ ಹುಡುಗ ಒಳಗಿನ ಸರಳನ್ನು ಕೀಲಿಯಿಂದ ತಿರುಗಿಸಿ ಸರಿಮಾಡಿದ. ತಂತಿ ಬದಲಿಸುವವರು ಇದನ್ನು ಮರೆಯಬಾರದು. ಹುಡುಗಿ ಅಲ್ಲೇ ಸ್ಟೂಲಿನ ಮೇಲೆ ಕೂತು ಒಂದು ತಂತಿಯನ್ನು ಎಳೆದಳು. ಸ್ವರ ಏರಿತು. ಇನ್ನೊಮ್ಮೆ ಎಳೆದಳು. ಮೇಷ್ಟ್ರನ್ನೂ ಬದಲಿಸಿದ್ದೇವೆ. ಈಗ ಅವಳೇ ಹತ್ತು ಹಾಕಿ ನೋಡಲೇ ದೊಡ್ಡಮ್ಮ ಎನ್ನುತ್ತಿದ್ದಾಳೆ. ನೋಡಲಿ. ಹಿಡಿಸಿದರೆ ಇಟ್ಟುಕೊಳ್ಳಲಿ, ಇಲ್ಲವಾದರೆ ಒಂಬತ್ತಕ್ಕೇ ಬರಲಿ. ಕೈ ಅವಳದು.