ನೆರೆಗಿಂತ ಮೊದಲೇ ಏರುವ ವದಂತಿ



ಮುಂಗಾರು ಬಲಗೊಂಡೊಡನೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ನದಿತೀರದ ಗ್ರಾಮಗಳಲ್ಲಿ ನೀರಿಗಿಂತ ಮೊದಲು ವದಂತಿ ಏರತೊಡಗುತ್ತದೆ. ‘ಮಹಾರಾಷ್ಟ್ರದವರು ಕೊಯ್ನಾ ಗೇಟು ತೆರೆದು ನಮ್ಮನ್ನು ಮುಳುಗಿಸುತ್ತಿದ್ದಾರೆ’ ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹರಿಯುತ್ತದೆ. ಗಡಿಯಾಚೆಯ ಸಾಂಗ್ಲಿ, ಕೊಲ್ಲಾಪುರಗಳಲ್ಲಿ ‘ಕರ್ನಾಟಕದವರು ಆಲಮಟ್ಟಿಯಲ್ಲಿ ನೀರು ತಡೆದು ನಮ್ಮನ್ನು ಮುಳುಗಿಸುತ್ತಿದ್ದಾರೆ’ ಎಂಬ ಮಾತು ಕೇಳಿಬರುತ್ತದೆ. ಆರೋಪ ಒಂದೇ, ಆರೋಪಿ ಮಾತ್ರ ಬೇರೆ.

ಮೊದಲು ನಮ್ಮ ಅಂಗಳದ ಮಾತನ್ನೇ ಪರೀಕ್ಷಿಸೋಣ. ಕೊಯ್ನೆಯು ಕರಾಡದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆ ನೀರು ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಗೆ ಬರುತ್ತದೆಯೇ ಹೊರತು ಗೋಕಾಕಕ್ಕೆ ಬರುವುದಿಲ್ಲ. ನಮ್ಮದು ಘಟಪ್ರಭೆ. ಅದು ಕೃಷ್ಣೆಯನ್ನು ಕೂಡುವುದು ಬಹುದೂರ ಕೆಳಗೆ, ಬಾಗಲಕೋಟೆ ಜಿಲ್ಲೆಯ ಚಿಕ್ಕಸಂಗಮದಲ್ಲಿ. ಗೋಕಾಕದ ನೆರೆಯನ್ನು ನಿರ್ಧರಿಸುವವು ಹಿಡಕಲ್ ಜಲಾಶಯದ ಹೊರಹರಿವು, ಹಿರಣ್ಯಕೇಶಿ ಮತ್ತು ಮಾರ್ಕಂಡೇಯ. ಹಿರಣ್ಯಕೇಶಿ ಮಹಾರಾಷ್ಟ್ರದಿಂದ ಬರುತ್ತದೆ, ನಿಜ. ಆದರೆ ಹಿಡಕಲ್‌ನ ಗೇಟುಗಳು ನಮ್ಮ ರಾಜ್ಯದ ಕೈಯಲ್ಲೇ ಇವೆ. 2019ರ ಆಗಸ್ಟಿನಲ್ಲಿ ಲೋಳಸೂರ ಸೇತುವೆ ಮುಳುಗಿದಾಗ ಸಾಂಗ್ಲಿಯೂ ಮುಳುಗಿತ್ತು. ಎರಡೂ ಕಡೆ ಸುರಿದದ್ದು ಒಂದೇ ಸಹ್ಯಾದ್ರಿಯ ಮಳೆ.

ಇನ್ನು ಆಲಮಟ್ಟಿ. ಆ ಪ್ರವಾಹದ ಕಾರಣ ತಿಳಿಯಲು ಸ್ವತಃ ಮಹಾರಾಷ್ಟ್ರ ಸರಕಾರವೇ ನೇಮಿಸಿದ ವಡನೇರೆ ಸಮಿತಿಯು, ಆಲಮಟ್ಟಿಯ ಹಿನ್ನೀರು ಅದಕ್ಕೆ ಕಾರಣವಲ್ಲವೆಂದು 2020ರಲ್ಲಿ ವರದಿ ನೀಡಿತು. ಅತಿವೃಷ್ಟಿಯನ್ನೂ ನದಿಪಾತ್ರದ ಒತ್ತುವರಿಯನ್ನೂ ಅದು ಎತ್ತಿ ತೋರಿಸಿತು. ಆದರೂ ಹಳೆಯ ಆರೋಪ ಪ್ರತಿ ಮಳೆಗಾಲದಲ್ಲಿ ಮರುಹುಟ್ಟು ಪಡೆಯುತ್ತಿದೆ.

ಇಲ್ಲಿ ಒಂದು ವಿವೇಕ ಅಗತ್ಯ. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಬ್ರಿಜೇಶ್ ಕುಮಾರ್ ನ್ಯಾಯಾಧಿಕರಣವು 2010ರಲ್ಲಿ ಅವಕಾಶ ನೀಡಿತು. ಏರಿಸಿದ ಮೇಲೆ ತಮ್ಮ ಗತಿಯೇನೆಂದು ಮೇಲ್ಭಾಗದ ಜನ ಕೇಳುವುದು ಸುಳ್ಳಲ್ಲ, ಅದು ಆತಂಕ. ಆತಂಕಕ್ಕೆ ಅಧ್ಯಯನದಿಂದಲೂ ಅಂಕಿಅಂಶಗಳಿಂದಲೂ ಉತ್ತರ ಕೊಡಬೇಕು. ಆತಂಕವನ್ನು ದ್ವೇಷವನ್ನಾಗಿ ಮಾರ್ಪಡಿಸಿ ಮಾರುವುದು ಬೇರೆ. ಅದಕ್ಕೆ ಎರಡೂ ರಾಜ್ಯಗಳ ರಾಜಕೀಯದಲ್ಲಿ ಗಿರಾಕಿಗಳಿದ್ದಾರೆ.

ನಷ್ಟ ಯಾರಿಗೆ? ಹುಲಿ ಬಂತು ಹುಲಿ ಎಂದು ಹತ್ತು ಸಲ ಕೇಳಿ ಓಡಿದವನು, ಹನ್ನೊಂದನೆಯ ಸಲ ಡಂಗುರ ಸಾರಿದರೂ ಮನೆಯಿಂದ ಏಳುವುದಿಲ್ಲ. ಆಗ ಕೊಚ್ಚಿಹೋಗುವುದು ದಡದಲ್ಲಿರುವ ಬಡವರ ದನಕರು, ಕಾಳುಕಡಿ, ಕೆಲವೊಮ್ಮೆ ಜೀವ. ಎರಡನೆಯ ನಷ್ಟವೂ ಸಣ್ಣದಲ್ಲ. ಹುಕ್ಕೇರಿಗೂ ಗಡಹಿಂಗ್ಲಜಕ್ಕೂ ಹೆಣ್ಣು ಕೊಟ್ಟು ತರುವ ಸಂಬಂಧವಿದೆ. ಬೀಗರನ್ನೇ ವೈರಿಗಳೆಂದು ನಂಬಿಸುವ ಸಂದೇಶವನ್ನು ನಾವೇ ಮುಂದೂಡುವುದು ಯಾವ ಧರ್ಮ?

ಆದ್ದರಿಂದ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿರಿ: ಯಾವ ಜಲಾಶಯ? ಅದರ ನೀರು ಯಾವ ನದಿಗೆ? ಎಷ್ಟು ಕ್ಯುಸೆಕ್, ಯಾವ ದಿನದ್ದು? ಒಂದು ಲಕ್ಷ ಕ್ಯುಸೆಕ್ ಇಡೀ ದಿನ ಹರಿದರೆ ಸುಮಾರು 8.64 ಟಿಎಂಸಿ ಆಗುತ್ತದೆ. ಈ ಲೆಕ್ಕವೊಂದು ಗೊತ್ತಿದ್ದರೆ ಅನೇಕ ಉತ್ಪ್ರೇಕ್ಷೆಗಳು ತಾವಾಗಿಯೇ ಬಯಲಾಗುತ್ತವೆ. ಉತ್ತರ ದೊರೆಯದಿದ್ದರೆ ಮುಂದೆ ಕಳುಹಿಸಬೇಡಿರಿ. ತಹಶೀಲ್ದಾರರ ಕಚೇರಿಯನ್ನೋ ಗ್ರಾಮ ಪಂಚಾಯಿತಿಯನ್ನೋ ವಿಚಾರಿಸಿರಿ. ಅಧಿಕೃತ ಎಚ್ಚರಿಕೆ ಬಂದರೆ ಮಾತ್ರ ಕ್ಷಣವೂ ತಡಮಾಡದೆ ಎತ್ತರದ ಜಾಗಕ್ಕೆ ತೆರಳಿರಿ.

ನುಡಿದಂತೆ ನಡೆಯಬೇಕೆಂದು ಶರಣರು ಕಲಿಸಿದರು. ನುಡಿಯುವ ಮೊದಲು ಅರಿಯಬೇಕೆಂಬುದೂ ಅದರಲ್ಲೇ ಅಡಗಿದೆ.