ಮಗನ ತಲೆಗೂದಲು, ತಾಯಿಯ ಬಳೆ



ಹೋದ ತಿಂಗಳು ಒಂದು ಮಧ್ಯಾಹ್ನ ನನ್ನ ತಂಗಿ ಫೋನು ಮಾಡಿದಳು. ಊಟ ಆಯಿತೇ, ಮಳೆ ಬಂತೇ ಎಂಬ ಮಾತೂ ಇಲ್ಲ. "ಅಕ್ಕಾ, ನನ್ನ ಬಳೆ ಅಡವಿಟ್ಟರೆ ಒಂದು ಲಕ್ಷ ಹುಟ್ಟುತ್ತಾ?" ಎಂದಳು. ನನ್ನ ಎದೆ ಧಸಕ್ಕೆಂದಿತು. ಯಾರಿಗೋ ಆಪರೇಷನ್ ಎಂದುಕೊಂಡೆ. ಆಪರೇಷನ್ ನಿಜವೇ, ಆದರೆ ಕಾಯಿಲೆ ಮಾತ್ರ ಯಾರಿಗೂ ಇಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅವಳ ಮಗ ತಲೆಗೆ ಕೂದಲು ನೆಡಿಸಿಕೊಳ್ಳಬೇಕಂತೆ! ಹುಡುಗನಿಗೆ ಈಗ 23 ವರ್ಷ.

"ನೀನಾದರೂ ಒಂದು ಸಲ ಹೋಗಿ ನೋಡಿ ಬಾ" ಎಂದಳು. ಹೋದೆ.

ಅವನಿರುವುದು ಸುದ್ದಗುಂಟೆಪಾಳ್ಯದಲ್ಲಿ. ಡೈರಿ ಸರ್ಕಲ್ ಹತ್ತಿರ, ಕ್ರೈಸ್ಟ್ ವಿಶ್ವವಿದ್ಯಾಲಯದ ಆಸುಪಾಸಿನ ಬಡಾವಣೆ. ನಿಮ್ಮೂರಿನ ಮಕ್ಕಳೂ ಅಲ್ಲಿರಬಹುದು; ಗಲ್ಲಿ ಗಲ್ಲಿಗೂ ಪೀಜಿಗಳು. ನಾನು ಚಕ್ಕುಲಿ ಡಬ್ಬಿ ಹಿಡಿದು ಹೋದಾಗ ಹುಡುಗ ಸೆಖೆಯಲ್ಲೂ ಟೋಪಿ ಹಾಕಿಕೊಂಡೇ ಕೆಳಗೆ ಬಂದ. ಬಲವಂತ ಮಾಡಿದ ಮೇಲೆ ತೆಗೆದ. ಹಣೆಯ ಎರಡೂ ಬದಿ ಹಿಂದಕ್ಕೆ ಸರಿದಿತ್ತು, ನೆತ್ತಿಯೂ ತೆಳುವಾಗಿತ್ತು. "ಆಫೀಸಲ್ಲಿ ನನ್ನನ್ನು ಅಂಕಲ್ ಅಂತಾರೆ, ದೊಡ್ಡಮ್ಮ" ಎಂದ. ನಾನು ನಕ್ಕುಬಿಟ್ಟೆ. ಅವನು ಏನೂ ಹೇಳದೆ ಟೋಪಿಯನ್ನು ಮತ್ತೆ ಹಾಕಿಕೊಂಡ.

ನಗಬಾರದಿತ್ತು. ಹೆಣ್ಣುಮಗಳ ಕೂದಲು ಉದುರಿದರೆ ಮನೆಯವರೆಲ್ಲ ಗಾಬರಿಯಾಗುತ್ತೇವೆ. ಗಂಡುಮಗನದು ಉದುರಿದರೆ ತಮಾಷೆ ಮಾಡುತ್ತೇವೆ. ಅವನೂ ಕನ್ನಡಿ ನೋಡುತ್ತಾನೆ. ದಿನಾ ಬೆಳಿಗ್ಗೆ ದಿಂಬಿನ ಮೇಲಿನ ಕೂದಲು ಎಣಿಸುತ್ತಾನಂತೆ.

"ಎಲ್ಲಾ ಇಲ್ಲಿನ ಬೋರ್‌ವೆಲ್ ನೀರಿನಿಂದ" ಎಂಬುದು ಅವನ ವಾದ. ಬೆಂಗಳೂರಿಗೆ ಬಂದವರೆಲ್ಲ ಹೇಳುವ ಮಾತು ಇದು. ಗಡಸು ನೀರಿನಲ್ಲಿ ಸೋಪು ನೊರೆ ಬರುವುದಿಲ್ಲ, ಕೂದಲು ಒರಟಾಗುತ್ತದೆ, ತುಂಡಾಗಲೂಬಹುದು. ಆದರೆ ಹಣೆ, ನೆತ್ತಿಗಳನ್ನು ಮಾತ್ರ ಆರಿಸಿ ಬೋಳು ಮಾಡುವ ನೀರು ಎಲ್ಲಿಯೂ ಇಲ್ಲ. ಹಾಗಿದ್ದಿದ್ದರೆ ತಲೆಯ ಹಿಂಭಾಗವೂ ಬೋಳಾಗಬೇಕಿತ್ತು; ಅದೇ ನೀರು ಹುಯ್ದುಕೊಳ್ಳುವ ಪಕ್ಕದ ಪೀಜಿಯ ಹೆಣ್ಣುಮಕ್ಕಳ ತಲೆಯೂ ಅದೇ ಹಾದಿ ಹಿಡಿಯಬೇಕಿತ್ತು. ಹೆಲ್ಮೆಟ್ಟಿನ ಮೇಲಿನ ದೂರೂ ಇಷ್ಟೇ.

ಗಂಡಸರ ಈ ಬಗೆಯ ಬೋಳಿಗೆ ಕಾರಣ ವಂಶ ಮತ್ತು ಪುರುಷ ಹಾರ್ಮೋನು. ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಎಂಬ ವಿಜ್ಞಾನಿ 1942ರಲ್ಲೇ ಇದನ್ನು ತೋರಿಸಿದರು. ಹಾರ್ಮೋನಿನ ಪ್ರಭಾವಕ್ಕೆ ಸಿಕ್ಕಿದ ಬೇರು ವರ್ಷದಿಂದ ವರ್ಷಕ್ಕೆ ಕುಗ್ಗುತ್ತಾ, ಕೂದಲು ಎಳೆ ಎಳೆಯಾಗಿ ಕೊನೆಗೆ ಇಲ್ಲವಾಗುತ್ತದೆ. "ನಿಮ್ಮ ತವರಿನ ತಲೆ ಇದು, ಸೋದರಮಾವನ ಹಾಗೆ!" ಎಂದು ನನ್ನ ತಂಗಿಗೆ ಅವಳ ಅತ್ತೆ ಅನ್ನುತ್ತಾರಂತೆ. ಅರ್ಧ ಸರಿ. ಮುಖ್ಯವಾದ ಒಂದು ವಂಶವಾಹಿ ತಾಯಿಯಿಂದಲೇ ಬರುತ್ತದೆ. ಉಳಿದ ಎಷ್ಟೋ ವಂಶವಾಹಿಗಳು ತಂದೆ ತಾಯಿ ಇಬ್ಬರ ಕಡೆಯಿಂದಲೂ ಬರುತ್ತವೆ. ಅತ್ತೆಯವರು ತಮ್ಮ ಯಜಮಾನರ ಹಳೆಯ ಫೋಟೋವನ್ನೂ ಒಮ್ಮೆ ನೋಡಲಿ.

ಅದೇ ಸಂಜೆ ಹುಡುಗ ಗೊತ್ತು ಮಾಡಿಕೊಂಡಿದ್ದ ಕ್ಲಿನಿಕ್ಕಿಗೆ ಹೋದೆವು. ಹೆಸರು ಬೇಡ. ಗಾಜಿನ ಬಾಗಿಲು, ತಣ್ಣನೆ ಗಾಳಿ, ಕುಡಿಯಲು ಕಾಫಿ. ಬಿಳಿ ಕೋಟು ತೊಟ್ಟ ಹುಡುಗಿಯೊಬ್ಬಳು ಹತ್ತೇ ನಿಮಿಷದಲ್ಲಿ ಅವನ ತಲೆ ನೋಡಿ, 3,000 ಗ್ರಾಫ್ಟ್ ಬೇಕು ಎಂದಳು. ಗ್ರಾಫ್ಟ್ ಎಂದರೆ ಒಂದರಿಂದ ನಾಲ್ಕು ಕೂದಲಿರುವ ಒಂದು ಬೇರಿನ ಗೊಂಚಲು. "ಇವತ್ತೇ ಅಡ್ವಾನ್ಸ್ ಕಟ್ಟಿದರೆ ಇಪ್ಪತ್ತು ಸಾವಿರ ಕಮ್ಮಿ ಮಾಡ್ತೀವಿ ಆಂಟಿ, ಕಂತಿನಲ್ಲೂ ಕಟ್ಟಬಹುದು." ಡಾಕ್ಟರು ಎಲ್ಲಮ್ಮ ಎಂದು ಕೇಳಿದೆ. "ಪ್ರೊಸೀಜರ್ ದಿನ ಬರ್ತಾರೆ" ಎಂದಳು. ಸೀರೆ ಅಂಗಡಿಯ ಆಷಾಢ ರಿಯಾಯಿತಿ ನೆನಪಾಯಿತು. ಎದ್ದು ಬಂದೆವು. ಹುಡುಗನ ಮುಖ ಊದಿಕೊಂಡಿತ್ತು.

ಮರುವಾರ ಅವನನ್ನು ಚರ್ಮರೋಗದ ವೈದ್ಯೆಯೊಬ್ಬರ ಬಳಿಗೆ ಕರೆದುಕೊಂಡು ಹೋದೆ. ಆಕೆ ಮೊದಲು ಕೇಳಿದ್ದು ಜ್ವರದ ವಿಚಾರ. ಟೈಫಾಯಿಡ್, ಡೆಂಗಿಯಂಥ ಜ್ವರ ಬಂದು ಎರಡು ಮೂರು ತಿಂಗಳಿಗೆ ರಾಶಿ ರಾಶಿ ಕೂದಲು ಉದುರುವುದುಂಟು; ಅದು ತಾನಾಗಿ ಮತ್ತೆ ಬರುತ್ತದೆ. ಥೈರಾಯ್ಡ್ ತೊಂದರೆಯಿಂದಲೂ ಕಬ್ಬಿಣದ ಕೊರತೆಯಿಂದಲೂ ಉದುರಬಹುದು. ನಮ್ಮ ಹುಡುಗನದು ಅದಾವುದೂ ಅಲ್ಲ, ವಂಶದ ಬೋಳೇ ಎಂದು ಗೊತ್ತಾಯಿತು. ಆಮೇಲೆ ಆಕೆ ಹೇಳಿದ ಒಂದು ಸಂಗತಿ ನನಗೆ ಚೆನ್ನಾಗಿ ನಾಟಿತು.

ನೆಡುವ ಕೂದಲು ಹೊರಗಿನಿಂದ ಬರುವುದಿಲ್ಲ. ತಲೆಯ ಹಿಂಭಾಗದ ಕೂದಲಿಗೆ ಆ ಹಾರ್ಮೋನಿನ ಕಾಟ ತಟ್ಟುವುದಿಲ್ಲ. ಅಲ್ಲಿಂದ ಕಿತ್ತು ಮುಂದೆ ನೆಟ್ಟರೂ ಅದು ತನ್ನ ಗುಣ ಬಿಡದೆ ಬೆಳೆಯುತ್ತದೆ. ನ್ಯೂಯಾರ್ಕಿನ ಡಾ. ನಾರ್ಮನ್ ಒರೆಂಟ್ರೈಕ್ 1952ರಲ್ಲಿ ಮೊದಲು ಹೀಗೆ ನೆಟ್ಟು ನೋಡಿದ್ದು. ವಿದ್ಯೆ ನಿಜವಾದದ್ದೇ, ಮೋಸವಲ್ಲ. ಆದರೆ ಹಿಂದಿನಿಂದ ತೆಗೆದ ಜಾಗದಲ್ಲಿ ಮತ್ತೆ ಹುಟ್ಟುವುದಿಲ್ಲ. ಇಡೀ ಆಯುಷ್ಯಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ಸಾವಿರ ಗ್ರಾಫ್ಟ್ ತೆಗೆಯಬಹುದು, ಅಷ್ಟೆ. ಸಾಸಿವೆ ಡಬ್ಬಿಯಲ್ಲಿ ನಾವು ಕೂಡಿಟ್ಟ ಗಂಟಿನ ಹಾಗೆ; ಒಮ್ಮೆ ಖರ್ಚಾದರೆ ಮುಗಿಯಿತು.

23ರ ಹುಡುಗನ ಬೋಳು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಯಾರು ಹೇಳಬಲ್ಲರು? ಇವತ್ತು ಹಣೆಯಂಚಿಗೆ 3,000 ಸುರಿದರೆಂದಿಟ್ಟುಕೊಳ್ಳಿ. ನೆಟ್ಟ ಕೂದಲು ಅಲ್ಲೇ ನಿಲ್ಲುತ್ತದೆ, ಅದರ ಹಿಂದಿನ ಹುಟ್ಟುಗೂದಲು ಉದುರುತ್ತಲೇ ಹೋಗುತ್ತದೆ. 35 ಆಗುವ ಹೊತ್ತಿಗೆ ಮುಂದೊಂದು ಬೇಲಿ, ಹಿಂದೆ ಬಯಲು. ಆಗ ತುಂಬಿಸಲು ಗಂಟಿನಲ್ಲಿ ಸಾಕಷ್ಟು ಉಳಿದಿರುವುದಿಲ್ಲ. ಅದಕ್ಕೇ ಒಳ್ಳೆಯ ವೈದ್ಯರು ಇಷ್ಟು ಚಿಕ್ಕ ವಯಸ್ಸಿಗೆ ಆತುರಪಡುವುದಿಲ್ಲ. ಮೊದಲು ಔಷಧಿ ಕೊಟ್ಟು, ವರ್ಷಗಟ್ಟಲೆ ಗಮನಿಸಿ, ಉದುರುವುದು ಒಂದು ಹದಕ್ಕೆ ಬಂದ ಮೇಲೆ ನೋಡೋಣ ಎನ್ನುತ್ತಾರೆ.

ಔಷಧಿಗಳಲ್ಲಿ ಹೆಸರಾದವು ಎರಡು. ಮಿನಾಕ್ಸಿಡಿಲ್ ತಲೆಗೆ ಹಚ್ಚುವಂಥದು. ಮೊದಲ ವಾರಗಳಲ್ಲಿ ಉದುರುವುದು ಹೆಚ್ಚಿದಂತೆ ಕಾಣುತ್ತದೆ, ಹೆದರಬಾರದು. ನಿಲ್ಲಿಸಿದರೆ ಬಂದದ್ದೂ ಕೆಲವು ತಿಂಗಳಲ್ಲಿ ಹೋಗುತ್ತದೆ. ಮಗನ ಬಾಟಲಿಯನ್ನು ತಾಯಂದಿರು ತಾವೂ ಹಚ್ಚಿಕೊಳ್ಳಬೇಡಿ, ಮುಖದ ಮೇಲೆ ಕೂದಲು ಬಂದೀತು. ಫಿನಾಸ್ಟರೈಡ್ ನುಂಗುವ ಮಾತ್ರೆ. ಕೆಲವರಿಗೆ ದಾಂಪತ್ಯದ ಆಸಕ್ತಿ ಕುಗ್ಗುವುದು, ಮನಸ್ಸು ಮಂಕಾಗುವುದು ಉಂಟು. ಆದ್ದರಿಂದ ವೈದ್ಯರ ಚೀಟಿಯಿಲ್ಲದೆ ತೆಗೆದುಕೊಳ್ಳಲೇಬಾರದು. ಒಡೆದ, ಪುಡಿಯಾದ ಆ ಮಾತ್ರೆಯನ್ನು ಬಸುರಿಯರು ಮುಟ್ಟಕೂಡದು; ಗಂಡು ಮಗುವಿನ ಬೆಳವಣಿಗೆಗೆ ತೊಂದರೆ. ಈರುಳ್ಳಿ ರಸ, ದಾಸವಾಳದ ಎಣ್ಣೆ? ನಮ್ಮ ಸೌಂದರ್ಯದ ಪುಟದವರು ಬೇಸರಪಡಬಾರದು, ಇದ್ದ ಕೂದಲಿಗೆ ನುಣುಪು ಬರುತ್ತದೆ. ವಂಶದ ಬೋಳನ್ನು ಅವು ತಡೆಯುವುದಿಲ್ಲ.

ವಯಸ್ಸು ಕೂಡಿಬಂದ ಮೇಲೆ ಮಾಡಿಸಿಕೊಳ್ಳುವವರೂ ಯಾರ ಕೈಗೆ ತಲೆ ಕೊಡುತ್ತೇವೆ ಎಂದು ನೋಡಬೇಕು. 2016ರಲ್ಲಿ ಚೆನ್ನೈನಲ್ಲಿ 22 ವರ್ಷದ ಹುಡುಗನೊಬ್ಬ, ಅವನೇ ವೈದ್ಯಕೀಯ ಓದುತ್ತಿದ್ದವನು, ಕೂದಲು ನೆಡಿಸಿಕೊಳ್ಳಲು ಹೋಗಿ ಪ್ರಾಣ ಕಳೆದುಕೊಂಡ. ಆ ಜಾಗಕ್ಕೆ ಇದ್ದದ್ದು ಕ್ಷೌರದಂಗಡಿಯ ಪರವಾನಗಿ. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ತರಬೇತಿ ಪಡೆದ ನೋಂದಾಯಿತ ವೈದ್ಯರೇ ಇದನ್ನು ಮಾಡಬೇಕು, ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿಯಲ್ಲ ಎಂದು ಬರೆದೇ ಹೇಳಿತು. ನಮ್ಮ ರಾಜ್ಯದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಡಿ ಕ್ಲಿನಿಕ್ಕು ನೋಂದಣಿಯಾಗಿರಬೇಕು. ಆ ಪ್ರಮಾಣಪತ್ರ ಎಲ್ಲಿದೆ ಎಂದು ಸಂಕೋಚವಿಲ್ಲದೆ ಕೇಳಿ. ಚರ್ಮ ಮರಗಟ್ಟಿಸುವ ಇಂಜೆಕ್ಷನ್ ಕೊಡುವವರು ಯಾರು, ಏನಾದರೂ ಏರುಪೇರಾದರೆ ಏನು ವ್ಯವಸ್ಥೆ ಎಂಬುದನ್ನೂ ಕೇಳಿ. ಇನ್ನೊಂದು, ಮದುವೆಗೆ ತಿಂಗಳಿದೆ ಎಂದು ಓಡುವವರಿಗೆ: ನೆಟ್ಟ ಕೂದಲು ಮೊದಲ ಕೆಲವು ವಾರಗಳಲ್ಲಿ ಉದುರಿಹೋಗುತ್ತದೆ. ಹೊಸದು ಚಿಗುರಲು ಮೂರು ನಾಲ್ಕು ತಿಂಗಳು, ಪೂರ್ತಿ ಕಾಣಲು ವರ್ಷ ಬೇಕು.

ಮದುವೆಯ ಮಾತೇ ಇದರ ಮೂಲ, ಬಿಡಿ. ನನ್ನ ತಂಗಿ ಬಳೆ ತೆಗೆದದ್ದೂ ಅದಕ್ಕೇ. "ಹುಡುಗಿಯ ಕಡೆಯವರು ಫೋಟೋ ನೋಡಿ ಬೇಡ ಅಂದುಬಿಟ್ಟರೆ?" ಎಂದಳು. ಸುಳ್ಳೆಂದು ಹೇಳಲಾರೆ, ಹಾಗೆ ಅನ್ನುವವರಿದ್ದಾರೆ. 2017ರಲ್ಲಿ ರಾಜ್ ಬಿ. ಶೆಟ್ಟಿ 'ಒಂದು ಮೊಟ್ಟೆಯ ಕಥೆ' ತೆಗೆದದ್ದು ಇದೇ ಸಂಕಟದ ಮೇಲೆ. ಮಂಗಳೂರಿನ ಕನ್ನಡ ಮೇಷ್ಟರೊಬ್ಬನಿಗೆ ತಲೆಗೂದಲಿಲ್ಲದೆ ಹೆಣ್ಣು ಸಿಗದ ಕಥೆ. ನಾಯಕನಾಗಿ ತಾವೇ ನಿಂತರು, ವಿಗ್ಗಿಲ್ಲದ ತಮ್ಮದೇ ತಲೆಯಲ್ಲಿ. ಜನ ಮುಗಿಬಿದ್ದು ನೋಡಿದರು. ಆ ಸಿನಿಮಾವನ್ನು ನನ್ನ ತಂಗಿಯೂ ನೋಡಿ ನಕ್ಕಿದ್ದಾಳೆ, ಪಕ್ಕದಲ್ಲಿ ಮಗ ಕೂತಿದ್ದ.

ಹುಡುಗ ಈಗ ಔಷಧಿ ಶುರು ಮಾಡಿದ್ದಾನೆ. ಪ್ರತಿ ತಿಂಗಳು ಒಂದನೇ ತಾರೀಖು, ಅದೇ ಕಿಟಕಿಯ ಬೆಳಕಿನಲ್ಲಿ ತಲೆಯ ಫೋಟೋ ತೆಗೆದಿಡಬೇಕೆಂದು ವೈದ್ಯೆ ಹೇಳಿದ್ದಾರೆ. 26 ಆಗಲಿ, ಆಗ ತೀರ್ಮಾನ ಅವನದೇ, ದುಡ್ಡೂ ಅವನ ಸಂಬಳದ್ದೇ ಎಂದು ನಾವು ಮೂವರೂ ಕೂತು ಮಾತಾಡಿಕೊಂಡೆವು. ಬಳೆ ಟ್ರಂಕಿನಲ್ಲಿದೆ.

ಮೊನ್ನೆ ತಂಗಿಯ ಫೋನು ಮತ್ತೆ ಬಂತು. "ಅಕ್ಕಾ, ತುಮಕೂರಿನ ಕಡೆ ಒಂದು ಸಂಬಂಧ ಬಂದಿದೆ. ಟೋಪಿ ಇರುವ ಫೋಟೋ ಕಳಿಸಲೋ, ಇಲ್ಲದ್ದೋ?" ಎಂದು ಕೇಳಿದಳು. ಇಲ್ಲದ್ದನ್ನೇ ಕಳಿಸು ಅಂದೆ. ಅವನನ್ನು ಕೇಳಿ ಹೇಳುತ್ತೇನೆ ಎಂದಿದ್ದಾಳೆ.