ಸಂಘದ ಲೆಕ್ಕ ಕೇಳುವುದು ದ್ರೋಹವಲ್ಲ



ಸಭೆಯಲ್ಲಿ ಯಾರಾದರೂ ಎದ್ದು ಸಂಘದ ಜಮಾಖರ್ಚು ಕೇಳಿದರೆ, "ಇವನು ಮಾಲೀಕರ ಕಡೆಯವನು" ಎಂದು ಕೂಗಿ ಕೂರಿಸುವ ಚಾಳಿ ನಮ್ಮಲ್ಲಿದೆ. ಈ ಚಾಳಿ ಎಲ್ಲಿಗೆ ಮುಟ್ಟಿಸುತ್ತದೆಂಬುದಕ್ಕೆ ಅಮೆರಿಕದ ಮೋಟಾರು ಕಾರ್ಮಿಕರ ಸಂಘವೇ ಸಾಕ್ಷಿ.

ಯುನೈಟೆಡ್ ಆಟೋ ವರ್ಕರ್ಸ್ ಎಂಬ ಆ ಸಂಘದಲ್ಲಿ 1979ರಲ್ಲಿ ಸುಮಾರು 15 ಲಕ್ಷ ಸದಸ್ಯರಿದ್ದರು. ಕಾರ್ಖಾನೆಗಳು ಮುಚ್ಚುತ್ತ ಹೋಗಿ 2014ರ ಹೊತ್ತಿಗೆ ಸುಮಾರು 4 ಲಕ್ಷ ಮಂದಿ ಉಳಿದರು. ಚಂದಾ ಇಳಿಯಿತು, ಕಚೇರಿಯ ಖರ್ಚು ಅಷ್ಟು ಇಳಿಯಲಿಲ್ಲ. ಮುಂದಾಳುಗಳು ಮುಷ್ಕರ ನಿಧಿಗೇ ಕೈ ಹಾಕಿದರು. 2014ರಲ್ಲಿ ಚಂದಾ ಏರಿಸಬೇಕಾಯಿತು; 1967ರ ತರುವಾಯ ಅದೇ ಮೊದಲು. ತಿಂಗಳಿಗೆ 2 ಗಂಟೆಯ ಕೂಲಿ ಇದ್ದುದು ಎರಡೂವರೆ ಗಂಟೆಯ ಕೂಲಿಯಾಯಿತು. ನಿಧಿ ತುಂಬಲೆಂದು ಕೂಲಿಕಾರರು ಕೊಟ್ಟರು.

ಅದೇ ವರ್ಷಗಳಲ್ಲಿ ಮೇಲೆ ಕುಳಿತ ಕೆಲವರು ಸಂಘದ ಹಣದಲ್ಲಿ ಗಾಲ್ಫ್ ಆಡುತ್ತಿದ್ದರು, ಚುರುಟು ಸೇದುತ್ತಿದ್ದರು, ಬಾಡಿಗೆ ಬಂಗಲೆಗಳಲ್ಲಿ ತಿಂಗಳುಗಟ್ಟಲೆ ಇರುತ್ತಿದ್ದರು. ಲೆಕ್ಕದಲ್ಲಿ ಅದು ಸಮ್ಮೇಳನದ ಖರ್ಚು! ಮಾಜಿ ಅಧ್ಯಕ್ಷರಾದ ಡೆನಿಸ್ ವಿಲಿಯಮ್ಸ್, ಗ್ಯಾರಿ ಜೋನ್ಸ್ ಇಬ್ಬರಿಗೂ 2021ರಲ್ಲಿ ಸೆರೆಮನೆ ಶಿಕ್ಷೆಯಾಯಿತು. ಸಂಘದ ಮೇಲೆ ನ್ಯಾಯಾಲಯದ ಮೇಲ್ವಿಚಾರಕನೂ ಬಂದು ಕುಳಿತ. ಸದಸ್ಯರು ಕಾಯದ ಪೆಟ್ಟಿಗೆಯನ್ನು ಕಾಯಲು ಹೊರಗಿನವನು ಬಂದ. ಇದಕ್ಕಿಂತ ಅವಮಾನ ಬೇರೆ ಉಂಟೆ?

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ಅಧ್ಯಕ್ಷನನ್ನು ತಾವೇ ನೇರವಾಗಿ ಚುನಾಯಿಸುವ ಹಕ್ಕನ್ನು ಸದಸ್ಯರು ಪಡೆದರು. 2023ರ ಸೆಪ್ಟೆಂಬರಿನಲ್ಲಿ ಮೂರು ದೊಡ್ಡ ಕಂಪೆನಿಗಳ ವಿರುದ್ಧ ಒಟ್ಟಿಗೆ ಮುಷ್ಕರ ಹೂಡಿದಾಗ ನಿಧಿಯಲ್ಲಿ 82.5 ಕೋಟಿ ಡಾಲರ್ ಇತ್ತು. ಮುಷ್ಕರ ನಿರತನಿಗೆ ವಾರಕ್ಕೆ 500 ಡಾಲರ್. ಎಲ್ಲ ಕಾರ್ಖಾನೆಗಳನ್ನೂ ಒಮ್ಮೆಲೇ ನಿಲ್ಲಿಸದೆ ಒಂದೊಂದಾಗಿ ನಿಲ್ಲಿಸಿದ್ದರಿಂದ ಹಣ ಬಾಳಿತು. ಆರು ವಾರಗಳಲ್ಲಿ ಕಂಪೆನಿಗಳು ಮಣಿದವು. ನಾಲ್ಕೂವರೆ ವರ್ಷಗಳ ಒಪ್ಪಂದದಲ್ಲಿ ಮೂಲ ಕೂಲಿ ಶೇಕಡಾ 25 ಏರಿತು. ಎರಡೂವರೆ ಗಂಟೆಯ ಕೂಲಿ ಸಾರ್ಥಕವಾಯಿತು.

ನಮ್ಮ ಗಿರಣಿಗಳಲ್ಲಿ ಮುಷ್ಕರವಾದರೆ ಎರಡನೆಯ ವಾರಕ್ಕೇ ಒಲೆ ಆರುತ್ತದೆ. ಆಗ ನಮ್ಮನ್ನು ಉಳಿಸುವುದು ಅಂಗಡಿಯವರ ಉದ್ದರಿ. ಆದುದರಿಂದ ಸಂಘದ ನಿಧಿ ವ್ಯಾಪಾರಿ ಬಂಧುಗಳ ವಿಚಾರವೂ ಹೌದು. ಸದಸ್ಯನು ಸಂಘದ ಲೆಕ್ಕದ ಪುಸ್ತಕ ನೋಡಬಹುದೆಂದು 1926ರ ಕಾಯಿದೆಯೇ ಹೇಳಿತ್ತು. ನಮ್ಮಲ್ಲಿ ಎಷ್ಟು ಮಂದಿ ನೋಡಿದ್ದೇವೆ?

ಚಂದಾ ಕೊಟ್ಟರೆ ರಸೀದಿ ಕೇಳಿರಿ. ವರ್ಷದ ಜಮಾಖರ್ಚನ್ನು ಗೋಡೆಗೆ ಅಂಟಿಸಲು ಹೇಳಿರಿ. ಮುಷ್ಕರ ನಿಧಿಯನ್ನು ಬೇರೆ ಖಾತೆಯಲ್ಲಿಡಿಸಿರಿ. ನಮ್ಮ ಪಕ್ಷದವರೇ ಪದಾಧಿಕಾರಿಗಳಾಗಿರುವ ಸಂಘವಾದರೂ ಬಿಡಬೇಡಿ. ಮೊದಲು ಅಲ್ಲಿಯೇ ಕೇಳಿರಿ.